ಗುಲಾಬಿಯ ಕಿವಿ, ಹೆರಿಯಣ್ಣನ ಎಂಜಿನ್

ನಾನು ಒಂದು ಹಡಗಿನ ಎಂಜಿನ್. ಹಡಗು ಮಾತ್ರ ಇಲ್ಲ. ನನ್ನ ಎತ್ತರ ಒಂದು ಗೇಣು, ಅದರ ಮೇಲೆ ಎರಡು ಬೆರಳು. ಓಡುವುದು ಆವಿಯಿಂದ. ನನಗೆ ಎರಡು ಸಿಲಿಂಡರುಗಳು, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರಲ್ಲಿ ದುಡಿದು ಸುಸ್ತಾದ ಆವಿಯನ್ನು ದೊಡ್ಡದು ಕರೆದು ಮತ್ತೊಮ್ಮೆ ದುಡಿಸುತ್ತದೆ. ನಮ್ಮ ವಂಶವೇ ಹಾಗೆ, ಸ್ವಲ್ಪ ಜಿಪುಣರದು. ನನ್ನನ್ನು ನೋಡಲು ಬಂದವರು ಮೊದಲು ಕೇಳುವುದು ಇದರಿಂದ ಏನು ಉಪಯೋಗ ಎಂದು. ಹಾಗೆ ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ.

ನಾನು ಹುಟ್ಟಿದ್ದು ಕುಂದಾಪುರದ ಕೋಡಿಯಲ್ಲಿ, ದನ ಕಟ್ಟುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಒಂದು ಕೊಟ್ಟಿಗೆಯಲ್ಲಿ. ಹುಟ್ಟುವ ಮೊದಲು ನಾನು ಮೂರು ಕಡೆ ಚೆಲ್ಲಾಪಿಲ್ಲಿಯಾಗಿದ್ದೆ. ಗಂಗೊಳ್ಳಿಯ ಗುಜರಿಯಲ್ಲಿ ಒಂದು ರೆಕ್ಕೆ ಮುರಿದುಕೊಂಡು ಬಿದ್ದಿದ್ದ ದೋಣಿಯ ಕಂಚಿನ ಪಂಖ ಕರಗಿ ನನ್ನ ಸಿಲಿಂಡರುಗಳಾದವು. ಲಾರಿಯ ಆಕ್ಸಲಿನ ತುಂಡು, ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಆಯಿತು. ಬಾಯ್ಲರಿನ ತಾಮ್ರ ಬಂದದ್ದು ಬಚ್ಚಲುಮನೆಯಿಂದ. ಅದು ಆ ಮನೆಯ ಯಜಮಾನಿ ಗುಲಾಬಿ ತವರಿನಿಂದ ತಂದ ಹಂಡೆ.

"ಹಂಡೆ ತಕಂಡ್ ಹ್ವಾರೆ ನಾವ್ ಮೀವುದ್ ಎಂತದ್ರಗೆ?" ಎಂದು ಆಕೆ ಕೇಳಿದಾಗ ಯಜಮಾನರು ಆಗಲೇ ಹಂಡೆಯ ಕಂಠಕ್ಕೆ ಕತ್ತರಿ ಹಾಕಿಯಾಗಿತ್ತು. ಮುಂದಿನ ಒಂದು ವರ್ಷ ಆ ಮನೆಯವರು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದರು.

ಯಜಮಾನರ ಹೆಸರು ಹೆರಿಯಣ್ಣ ಮೊಗವೀರ. ಹತ್ತೊಂಬತ್ತನೇ ವಯಸ್ಸಿಗೆ ಮುಂಬಯಿಗೆ ಹೋಗಿ, ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಒಂದು ಆವಿಯ ಟಗ್ಗಿನಲ್ಲಿ ಆಯಿಲ್‌ಮನ್ ಆಗಿ ಸೇರಿದವರು. ಓಡುವ ಎಂಜಿನ್ನಿನ ಸಂದಿಗಳಿಗೆ ಎಣ್ಣೆ ಬಿಡುವುದು ಅವರ ಕೆಲಸ. ಎಂಜಿನ್ನನ್ನು ಮುಂದಕ್ಕೆ, ಹಿಂದಕ್ಕೆ ಓಡಿಸುವ ಹ್ಯಾಂಡಲನ್ನು ಮುಟ್ಟುವಂತಿರಲಿಲ್ಲ. ಅದಕ್ಕೆ ಸರ್ಟಿಫಿಕೇಟ್ ಬೇಕು. ಹ್ಯಾಂಡಲ್ ಇದ್ದದ್ದು ಚೀಫ್ ಎಂಜಿನಿಯರ್ ಕ್ಯಾಸ್ತೆಲಿನೊ ಸಾಹೇಬರ ಕೈಯಲ್ಲಿ. ಟಗ್ಗು ಗುಜರಿಗೆ ಹೋದ ಮೇಲೆ ಹೆರಿಯಣ್ಣ ಡೀಸೆಲ್ ಹಡಗುಗಳಿಗೆ ಹೋದರು. ಆವಿಯ ಎಂಜಿನ್ ಪಿಸುಮಾತಿನದು, ಡೀಸೆಲ್ಲಿನದು ಬಾಯಿ ಜೋರು. ಇಪ್ಪತ್ತೈದು ವರ್ಷ ಆ ಗದ್ದಲದಲ್ಲಿದ್ದು ನಿವೃತ್ತರಾಗಿ ಮನೆಗೆ ಬರುವ ಹೊತ್ತಿಗೆ ಅವರ ಎರಡೂ ಕಿವಿ ಹೋಗಿದ್ದವು.

ಎದುರಿಗಿದ್ದವರ ತುಟಿ ನೋಡಿ ಅವರು ಮಾತು ತಿಳಿಯುತ್ತಿದ್ದರು. ಆದರೆ ಎಂಜಿನ್ನಿಗೆ ತುಟಿ ಎಲ್ಲಿದೆ? ಮುಟ್ಟಿ ತಿಳಿಯೋಣವೆಂದರೆ ಬಿಸಿ ಪೈಪುಗಳಿಗೆ ಸುಟ್ಟು ಸುಟ್ಟು ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಅಂಥವರಿಗೆ ನನ್ನನ್ನು ಕಟ್ಟುವ ಹಟ. ಲೋಹ ಕಡೆಯುವ ಒಂದು ಹಳೆಯ ಸಣ್ಣ ಲೇತ್ ತಂದು ಕೊಟ್ಟಿಗೆಯಲ್ಲಿ ಹೂಡಿದರು. ನೆನಪಿನಿಂದಲೇ ನನ್ನ ಚಿತ್ರವನ್ನು ಕೊಟ್ಟಿಗೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಸಾಹೇಬರು ಆಗ ಉಡುಪಿಯಲ್ಲಿ ಮಗಳ ಮನೆಯಲ್ಲಿದ್ದರು. ಅವರನ್ನು ಕರೆಸಬೇಕು, ಅವರ ಎದುರು ತಾನೇ ಹ್ಯಾಂಡಲ್ ಹಿಡಿದು ನನ್ನನ್ನು ಓಡಿಸಬೇಕು. ನಾನು ಕುಟ್ಟುವ ಶಬ್ದವಿಲ್ಲದೆ ಓಡಿದರೆ ತಾನು ಎಂಜಿನಿಯರ್, ಇಲ್ಲದಿದ್ದರೆ ಬರೀ ಎಣ್ಣೆ ಬಿಡುವವನು. ಇಷ್ಟೇ ಅವರ ಲೆಕ್ಕಾಚಾರ. ನನ್ನ ಮೈಮೇಲೆ ಅಷ್ಟು ದೊಡ್ಡ ಭಾರ ಹೊರಿಸುವ ಮೊದಲು ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ.

ಶಬ್ದ ಕೇಳುವ ಕೆಲಸ ಗುಲಾಬಿಯದಾಯಿತು. ಅದಕ್ಕೆ ಆಕೆಗಿಂತ ತಕ್ಕವರು ಆ ಊರಿನಲ್ಲಿ ಇರಲಿಲ್ಲ. ಗಂಡ ಹಡಗಿನಲ್ಲಿದ್ದಾಗ ಆಕೆ ಇಪ್ಪತ್ತೆರಡು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವಳು. ಸುಟ್ಟ ಹಂಚುಗಳನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಆಕೆಯ ಕೆಲಸ. ಠಣ್ ಎಂದರೆ ಒಳ್ಳೆಯ ಹಂಚು. ಬದ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದು ಅರ್ಥ. ಅದರ ಮೇಲೆ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕಿ ಪಕ್ಕಕ್ಕೆ ಎಸೆಯಬೇಕು. ಗುಲಾಬಿ ಪಾಸು ಮಾಡಿದ ಹಂಚು ಯಾರ ಮಾಡಿನ ಮೇಲೂ ಸೋರಲಿಲ್ಲವೆಂದು ಮೇಸ್ತ್ರಿಗಳೇ ಹೇಳುತ್ತಿದ್ದರಂತೆ.

ಕರಟದ ಬೆಂಕಿಯಲ್ಲಿ ಬಾಯ್ಲರ್ ಕಾದು ನಾನು ಮೊದಲ ಸಲ ತಿರುಗಿದ ದಿನ ಹೆರಿಯಣ್ಣ ನನ್ನನ್ನು ನೋಡಲಿಲ್ಲ, ಹೆಂಡತಿಯ ತುಟಿಯನ್ನು ನೋಡಿದರು.

"ಶಬ್ದ ಇತ್ತಾ?"

"ಇತ್ತ್," ಎಂದಳು ಗುಲಾಬಿ. ಕುಂದಾಪುರದ ಮಾತಿನಲ್ಲಿ ಹಾಗೆಂದರೆ ಇದೆ ಎಂದೇ ಅರ್ಥ. ಇಲ್ಲ ಎನ್ನಲು ಇಲ್ಲೆ ಎನ್ನುತ್ತಾರೆ. ನಾನು ಆಗ ಕುಟ್ಟುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಹೆರಿಯಣ್ಣ ನನ್ನನ್ನು ಪೂರ್ತಿ ಬಿಚ್ಚಿದರು, ಅರದಿಂದ ಉಜ್ಜಿದರು, ಮತ್ತೆ ಜೋಡಿಸಿದರು. "ಶಬ್ದ ಇತ್ತಾ?" "ಇತ್ತ್." ಹೀಗೆ ಹದಿನಾರು ಸಲ. ಅವರು ಊಟ ಮರೆತರು, ಸಪೂರವಾದರು, ಅಂಗಿಯ ತೋಳು ಸಡಿಲವಾಯಿತು. ನಾನು ಮಾತ್ರ ಒಂದೊಂದೇ ಕುಟ್ಟನ್ನು ಬಿಡುತ್ತಾ ಬಂದೆ. ಕೊನೆಗೆ ಉಳಿದದ್ದು ಒಂದೇ: ದೊಡ್ಡ ಸಿಲಿಂಡರಿನ ತಳ್ಳುಗೋಲು ಕ್ರ್ಯಾಂಕನ್ನು ಹಿಡಿಯುವ ಕಡೆ, ಬೇರಿಂಗಿನಲ್ಲಿ ಒಂದು ಕೂದಲೆಳೆಯಷ್ಟು ಸಡಿಲ.

ಅಷ್ಟರಲ್ಲಿ ಸಾಹೇಬರು ಮರುದಿನ ಬರುತ್ತೇನೆಂದು ಹೇಳಿಕಳಿಸಿದರು. ಹದಿನೇಳನೆಯ ಸಲ ಹ್ಯಾಂಡಲ್ ಎಳೆದು ಹೆರಿಯಣ್ಣ ತಲೆ ಎತ್ತಿದರು. ಅವರ ಕಣ್ಣು ಗುಳಿಬಿದ್ದಿತ್ತು. ಟಕ್, ಟಕ್ ಎಂದು ನಾನು ನನ್ನ ಮಟ್ಟಿಗೆ ಸ್ಪಷ್ಟವಾಗಿಯೇ ಹೇಳಿದೆ. ಗುಲಾಬಿಗೆ ಕೇಳಿಸಿತು. ಆಕೆಯ ಕತ್ತು ನನ್ನ ಕಡೆ ಒಂದಿಷ್ಟು ವಾಲಿದ್ದನ್ನು ನಾನು ಕಂಡೆ.

"ಇಲ್ಲೆ," ಎಂದಳು ಆಕೆ.

ಹೆರಿಯಣ್ಣ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಗುಲಾಬಿ ಬಡಿಸಿದಳು, ತಾನು ಉಣ್ಣಲು ಕೂರಲಿಲ್ಲ.

ಕ್ಯಾಸ್ತೆಲಿನೊ ಸಾಹೇಬರು ಊರುಗೋಲು ಹಿಡಿದು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಆದರೆ ಕಿವಿ ಚುರುಕು. ನಾನು ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅವರ ಹುಬ್ಬು ಮೇಲೇರಿತು. ಅವರು ಗುಲಾಬಿಯನ್ನು ನೋಡಿದರು, ಗುಲಾಬಿ ನೆಲ ನೋಡಿದಳು. ಕೊಟ್ಟಿಗೆಯಲ್ಲಿ ಕಿವಿ ಇದ್ದ ಇಬ್ಬರಿಗೂ ಸಂಗತಿ ಗೊತ್ತಾಯಿತು.

"ಚೆಂದ ಓಡ್ತಾ ಉಂಟು ಮಾರಾಯ," ಎಂದರು ಸಾಹೇಬರು, ತುಟಿ ಅಗಲಿಸಿ, ನಿಧಾನವಾಗಿ.

ಹೊಗಳಿಕೆ ಕಂಡ ಹೆರಿಯಣ್ಣನಿಗೆ ಹುಮ್ಮಸ್ಸು ಬಂತು. ಯಾರೂ ಹೇಳದಿದ್ದರೂ ಆವಿಯನ್ನು ಪೂರಾ ಬಿಟ್ಟರು. ನಾನು ಎಷ್ಟೆಂದು ತಾಳಲಿ? ಸಡಿಲವಿದ್ದ ಕಡೆ ಬೋಲ್ಟ್ ತುಂಡಾಯಿತು, ತಳ್ಳುಗೋಲು ಕಳಚಿ, ಸಿಲಿಂಡರನ್ನು ಹೊತ್ತ ನನ್ನದೇ ಕಂಬಕ್ಕೆ ಬಡಿದು ಬಾಗಿತು. ನನಗೆ ನೋವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. "ಸಣ್ಣ ಮಾಡೆಲ್ ಅಲ್ವಾ, ಹೀಗೆಲ್ಲ ಆಗ್ತದೆ, ಬೇಜಾರು ಮಾಡ್ಬೇಡ," ಎಂದು ಸಾಹೇಬರು ಬೆನ್ನು ತಟ್ಟಿ, ಚಹಾ ಅರ್ಧ ಕುಡಿದು ಹೊರಟುಹೋದರು.

ಶಬ್ದವೇ ಇಲ್ಲದ ಎಂಜಿನ್ ಮುರಿಯಿತೆಂದ ಮೇಲೆ ತಪ್ಪು ತನ್ನ ಕೈಯದ್ದೇ ಎಂದು ಹೆರಿಯಣ್ಣ ತೀರ್ಮಾನಿಸಿದರು. ಕೈಗೆ ವಯಸ್ಸಾಯಿತು, ಎಣ್ಣೆ ಬಿಡುವ ಕೈ ಅಷ್ಟೇ ಇದು ಎಂದು ಗೊಣಗಿದರು. ನನ್ನ ಮೇಲೆ ಗೋಣಿ ಹೊದಿಸಿದರು. ತ್ರಾಸಿಯ ವರ್ಕ್‌ಶಾಪಿನವನಿಗೆ ಲೇತ್ ಒಯ್ಯಲು ಹೇಳಿಕಳಿಸಿದರು. ಹೆಂಡತಿ ಏನು ಹೇಳಹೋದರೂ ಮುಖ ತಿರುಗಿಸುತ್ತಿದ್ದರು. ಅವರು ಮುಖ ತಿರುಗಿಸುವುದೆಂದರೆ ಬೇರೆಯವರು ಕಿವಿ ಮುಚ್ಚಿಕೊಂಡಂತೆ. ಹೇಳಿದ ಮಾತೆಲ್ಲ ಗೋಡೆಗೆ. ಮೂರು ದಿನ ಆ ಮನೆಯಲ್ಲಿ ಮಾತಿಲ್ಲ. ಗೋಣಿಯೊಳಗೆ ನಾನು ಆಕೆಯನ್ನು ಬೈಯುತ್ತಿದ್ದೆ. ಇಪ್ಪತ್ತೆರಡು ವರ್ಷ ಒಂದು ಬಿರುಕು ಹಂಚನ್ನೂ ಬಿಡದವಳು ನನ್ನನ್ನು ಯಾಕೆ ಬಿಟ್ಟಳು ಎಂದು.

ನಾಲ್ಕನೆಯ ಬೆಳಿಗ್ಗೆ ತ್ರಾಸಿಯಿಂದ ಟೆಂಪೊ ಬಂತು. ಲೇತಿನ ಬುಡದ ಬೋಲ್ಟ್ ಬಿಚ್ಚಲು ಹೆರಿಯಣ್ಣ ಕೊಟ್ಟಿಗೆಗೆ ಬಂದವರು ಬಾಗಿಲಿನ ಮುಂದೆ ನಿಂತುಬಿಟ್ಟರು. ಬಾಗಿಲ ಮೇಲೆ ನನ್ನ ಚಿತ್ರವಿತ್ತಲ್ಲ, ಅದರಲ್ಲಿ ದೊಡ್ಡ ಸಿಲಿಂಡರಿನ ಕೆಳಗೆ, ತಳ್ಳುಗೋಲು ಕ್ರ್ಯಾಂಕನ್ನು ಹಿಡಿಯುವ ಕಡೆಯಲ್ಲಿ, ಸೀಮೆಸುಣ್ಣದ ಒಂದು ಕತ್ತರಿ ಗುರುತು. ಒಂದಂಗುಲ ಅತ್ತಿಲ್ಲ, ಇತ್ತಿಲ್ಲ.

"ಇದ್ ಯಾರ್ ಹಾಕದ್?" ಎಂದು ಅವರು ತಿರುಗಿದರು. ಗುಲಾಬಿ ಅವರ ಹಿಂದೆಯೇ ನಿಂತಿದ್ದಳು. ಮೂರು ದಿನಗಳ ಮೇಲೆ ಅವರು ಆಕೆಯ ಮುಖ ನೋಡಿದರು.

"ನಾನೇ. ಅಲ್ಲಿ ಶಬ್ದ ಇದ್ದಿತ್. ನಂಗೆ ಕೇಂಡಿತ್. ಇಲ್ಲೆ ಅಂತ ಸುಳ್ಳ್ ಹೇಳ್ದೆ. ಸಾಹೇಬ್ರಿಗೂ ಕೇಂಡಿತ್, ಅವ್ರೂ ಬಾಯಿ ಬಿಡ್ಲಿಲ್ಲೆ."

 ಹೆರಿಯಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ್ದು ಗೋಣಿಯ ಸಂದಿಯಿಂದ ನನಗೆ ಕಂಡಿತು.  ಸಿಟ್ಟು ಬಂದಿತ್ತು, ಬರಬೇಕಾದದ್ದೇ.

"ಕಿವಿ ಇಲ್ದವ್ನಿಗೆ ಕನಿಕರ ಎಂತಕೆ ಹೆಣೆ? ಅವ್ನಿಗೆ ಬೇಕಾದ್ದ್ ಖರೆ ಸುದ್ದಿ," ಎಂದರು.

"ಹೌದ್. ತಪ್ಪಾಯ್ತ್."

 ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಹೆರಿಯಣ್ಣನಿಗೆ ಅದು ಕೇಳುವಂತಿರಲಿಲ್ಲ. ಅವರು ಬಾಗಿಲಿನ ಹತ್ತಿರ ಹೋಗಿ ಗುರುತನ್ನು ಬೆರಳಿನಿಂದ ಮುಟ್ಟಿದರು.

"ಒಂದ್ ಸುತ್ತಿಗೆ ಎಷ್ಟ್ ಸರ್ತಿ?"

"ಎರಡ್ ಸರ್ತಿ. ಮೇಲ್ ಹೋಯಿ ತಿರ್ಗ್ವತಿಗೆ ಒಂದ್, ಕೆಳಗ್ ಬಂದ್ ತಿರ್ಗ್ವತಿಗೆ ಒಂದ್. ಕೆಳಗಿಂದ್ ಜಾಸ್ತಿ."

ಅವರು ಗೋಣಿಯನ್ನು ಎಳೆದು ಹಾಕಿದರು. ಕಣ್ಣಿಗೆ ಬೆಳಕು ಬಿತ್ತು. ಟೆಂಪೊದವನು ಅವಲಕ್ಕಿ ತಿಂದು, ಎರಡು ಲೋಟ ಚಹಾ ಕುಡಿದು, ಬರಿಗೈಯಲ್ಲಿ ವಾಪಸು ಹೋದ. ಬೇರಿಂಗಿನ ಎರಡು ಹೋಳುಗಳ ನಡುವೆ ಒಂದು ತೆಳು ತಗಡು ಹೆಚ್ಚಿಗೆ ಕೂತಿತ್ತು, ಸಡಿಲ ಅದರಿಂದಲೇ. ಅದನ್ನು ತೆಗೆದದ್ದಷ್ಟೇ, ಬಾಗಿದ ಗೋಲನ್ನು ನೆಟ್ಟಗೆ ಮಾಡಿ ಹೊಸ ಬೋಲ್ಟ್ ಹಾಕಿದ್ದಷ್ಟೇ. ಕೈಯಲ್ಲಿ ದೋಷವೇನೂ ಇರಲಿಲ್ಲ.

ಎರಡು ತಿಂಗಳ ಮೇಲೆ ಸಾಹೇಬರನ್ನು ಮತ್ತೆ ಕರೆಸಿದರು. ಈ ಸಲ ಹ್ಯಾಂಡಲ್ ಎಳೆದು ಹೆರಿಯಣ್ಣ ಅವರನ್ನೇ ಮೊದಲು ಕೇಳಿದರು, ಶಬ್ದ ಇತ್ತಾ ಎಂದು. ಸಾಹೇಬರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗುಲಾಬಿ, "ಪಂಪಿನ ಬದಿಗೆ ಒಂಚೂರ್ ಇತ್ತ್," ಎಂದುಬಿಟ್ಟಳು.

"ಉಂಟು," ಎಂದರು ಸಾಹೇಬರು. "ಹೋದ ಸಲವೂ ಇತ್ತು. ನಾನು ಹೇಳಬೇಕಿತ್ತು ಹೆರಿಯಣ್ಣ."

ಹೆರಿಯಣ್ಣ ನನ್ನನ್ನು ನಿಲ್ಲಿಸಿ, ಬಾಯ್ಲರಿಗೆ ನೀರು ತಳ್ಳುವ ಪಂಪನ್ನು ಬಿಗಿಮಾಡಿ ಮತ್ತೆ ಬಿಟ್ಟರು. ನಾನು ಓಡಿದೆ. ಎಷ್ಟು ಮೆಲ್ಲಗೆ ಓಡಿದೆನೆಂದರೆ ಹೊರಗೆ ಕಾಗೆ ಕೂತ ತೆಂಗಿನಗರಿಯ ಸದ್ದು ಒಳಗೆ ಕೇಳುತ್ತಿತ್ತು. "ಇಲ್ಲೆ," ಎಂದಳು ಗುಲಾಬಿ. "ಇಲ್ಲ," ಎಂದರು ಸಾಹೇಬರು. ಆಮೇಲೆ ಅವರು ಊರುಗೋಲನ್ನು ಗೋಡೆಗೆ ಒರಗಿಸಿ ಕೇಳಿದರು: "ಹ್ಯಾಂಡಲ್ ನಾನು ಒಮ್ಮೆ ಮುಟ್ಟಬಹುದಾ?"

ಹೆರಿಯಣ್ಣ ಆ ತುಟಿಗಳನ್ನು ಇನ್ನೊಂದು ಸಲ ಓದಬೇಕಾಯಿತು. ಓದಿ, ಸ್ವಲ್ಪ ಹೊತ್ತು ಕಾಯಿಸಿ, ಆಗಬಹುದೆಂದು ತಲೆಯಾಡಿಸಿದರು. ಆ ಕಾಯಿಸಿದ ಹೊತ್ತಿನಷ್ಟು ಸುಖವನ್ನು ನಾನು ನನ್ನ ಜೀವನದಲ್ಲಿ ಕಂಡಿಲ್ಲ.

ಇದೆಲ್ಲ ಆಗಿ ಹದಿನೆಂಟು ವರ್ಷ. ಸಾಹೇಬರು ತೀರಿಕೊಂಡರು. ನಾನೀಗ ಜಗಲಿಯ ಮೂಲೆಯಲ್ಲಿ, ಒಂದು ಹಲಗೆಯ ಮೇಲಿದ್ದೇನೆ. ಹಡಗಿನ ಕೆಲಸ ಕಲಿಸುವ ಒಂದು ಶಾಲೆಯವರು ಬಂದು ನನ್ನನ್ನು ಕೇಳಿ ಹೋಗಿದ್ದಾರೆ. ಮುಂದಿನ ವರ್ಷ ನಾನು ಅವರ ಕೈ ಸೇರುತ್ತೇನೆ. ನೆಂಟರು ಬಂದಾಗ ಈಗಲೂ ಕರಟ ಉರಿಸಿ ನನ್ನನ್ನು ಓಡಿಸುತ್ತಾರೆ. ವಯಸ್ಸಾಗಿದೆ. ಬೇರಿಂಗುಗಳು ಸವೆದಿವೆ.

ಮೊನ್ನೆ ಭಾನುವಾರ ಬೆಳಿಗ್ಗೆ ಓಡಿಸಿದರು. ಹೆರಿಯಣ್ಣ ಎಂದಿನಂತೆ ಹೆಂಡತಿಯ ಮುಖ ನೋಡಿದರು. ನಾನು ಕುಟ್ಟುತ್ತಿದ್ದೆ, ಮುಚ್ಚುಮರೆ ಇಲ್ಲದೆ. ಗುಲಾಬಿ ಕತ್ತು ವಾಲಿಸಿದಳು. ಇನ್ನಷ್ಟು ವಾಲಿಸಿದಳು. ಹತ್ತಿರ ಬಂದು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಇಲ್ಲೆ ಎಂದರೆ ಆಗಿಹೋಗುತ್ತಿತ್ತು. ಯಾರೂ ತಿಳಿಯುವವರಿರಲಿಲ್ಲ. ಆಕೆಯ ಕಣ್ಣು ತುಂಬಿದ್ದನ್ನು ನಾನು ಕೆಳಗಿನಿಂದ ನೋಡಿದೆ.

"ಶಬ್ದ ಇಲ್ಲೆ ಅಂತ ನಾನ್ ಹೇಳುದಿಲ್ಲೆ," ಎಂದಳು. "ನಂಗೆ ಕೇಂತಿಲ್ಲೆ. ಮಳೆಗಾಲದಿಂದ್ಲೂ ಕೇಂತಿಲ್ಲೆ."

 ಹೆರಿಯಣ್ಣ ಆಕೆಯ ಎದುರು ಬಂದು, ತಾನೂ ಕಷ್ಟಪಟ್ಟು ನೆಲಕ್ಕೆ ಕೂತು, ಆಕೆಗೆ ಕಾಣುವಂತೆ ತುಟಿ ಅಗಲಿಸಿ ಹೇಳಿದರು: "ಕಿವಿ ಹ್ವಾರೆ ಹೋಯ್ಲಿ. ಕೈ ಇತ್ತಲೆ."

ತನ್ನ ಜಡ್ಡುಗಟ್ಟಿದ ಬೆರಳುಗಳಿಂದ ಆಕೆಯ ಕೈ ಹಿಡಿದು ನನ್ನ ಮೇಲಿಟ್ಟರು. ಮೊದಲು ಕಂಬದ ಮೇಲೆ, ಆಮೇಲೆ ಬೇರಿಂಗಿನ ಹತ್ತಿರ. ಹಂಚು ಬಡಿದ ಕೈ ಅದು. ಒರಟಾದರೂ ಬೆರಳ ತುದಿಯಲ್ಲಿ ಇನ್ನೂ ಜೀವವಿತ್ತು. ನಾನು ಉಸಿರು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಕುಟ್ಟಿದೆ. ಒಳ್ಳೆಯವನೆನಿಸಿಕೊಳ್ಳುವ ಆಸೆ ಒಂದು ಕಾಲದಲ್ಲಿ ನನಗೂ ಇತ್ತು. ಈಗ ಇರುವುದು ಒಂದೇ ಆಸೆ, ನನ್ನ ಸುದ್ದಿ ನನ್ನವರಿಗೆ ಸರಿಯಾಗಿ ತಲುಪಲಿ ಎಂದು.

ಗುಲಾಬಿ ಕಣ್ಣು ಮುಚ್ಚಿದಳು. ಹತ್ತು ಸುತ್ತು, ಇಪ್ಪತ್ತು ಸುತ್ತು. ಮತ್ತೆ ಮುಖ ಎತ್ತಿ ನಕ್ಕಳು.

"ಇತ್ತ್," ಎಂದಳು.

ಹೆರಿಯಣ್ಣ ಸ್ಪ್ಯಾನರ್ ತರಲು ಎದ್ದರು.