ಸಂತೆಯಲ್ಲಿ ಸುಮ್ಮನೆ ಕೂತವಳು

ನರಗುಂದದ ವಕೀಲ ನರಸಿಂಹರಾಯರ ಮಗಳು ಶಾರದಾ ಮುಂಬಯಿಯಲ್ಲಿ ಚಿತ್ರಕಲೆ ಕಲಿತವಳು. ಆದರೆ ಕುಂಚ ಕೆಳಗಿಟ್ಟು ಬಹಳ ದಿನವಾಗಿತ್ತು. ಜನರ ನಡುವೆ ತಾನೇ ಚಿತ್ರವಾಗಿ ಕೂತು, ನೋಡುವವರು ಏನು ಮಾಡುತ್ತಾರೋ ಅದನ್ನು ಸಿನಿಮಾ ರೀಲಿನಲ್ಲಿ ಹಿಡಿಯುವುದು ಈಗ ಅವಳ ಕಲೆ. ಮುಂಬಯಿಯ ಪತ್ರಿಕೆಯೊಂದು ಅದನ್ನು ಹುಚ್ಚಾಟ ಎಂದು ಬರೆದಿತ್ತು.

೧೯೫೭ರ ಬೇಸಿಗೆಯಲ್ಲಿ ಅವಳು ಗಜೇಂದ್ರಗಡದ ಸಂತೆಗೆ ಬಂದು, ಅರಿವೆ ವ್ಯಾಪಾರಿ ಶಿವನಪ್ಪನ ಅಂಗಡಿಯ ಮುಂದೆ ಚಾಪೆ ಹಾಸಿ ಕೂತಳು. ಮಾರಲು ಏನೂ ಇರಲಿಲ್ಲ. ಹೊತ್ತು ಮುಳುಗುವ ತನಕ ಮಾತಾಡಬಾರದು, ಏಳಬಾರದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಳು. ಎದುರಿನ ಮಾಳಿಗೆಯ ಮೇಲೆ ಊರಿನ ಟೆಂಟ್ ಸಿನಿಮಾ ನಡೆಸುವ ಜಂಗ್ಲಿಸಾಬ ಅವಳ ಕ್ಯಾಮೆರಾ ಹಿಡಿದು ನಿಂತಿದ್ದ.

ಮೊದಲು ಜನ ನಕ್ಕರು. ಬಿಸಿಲೇರಿದಂತೆ ನಗೆ ಅಡಗಿತು.

"ಮಾಟಾ ಮಾಡಾಕ ಕುಂತಾಳಪೋ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

"ಏಳವ್ವಾ, ಗಿರಾಕಿ ಹೆದರಿ ಹೊಂಟಾವು," ಎಂದ ಶಿವನಪ್ಪ. ಮೂರನೆಯ ಸಲ ಹೇಳುವಾಗ ಅವನ ದನಿ ನಡುಗುತ್ತಿತ್ತು. ಶಾರದೆಗೆ ಎದ್ದು ಓಡಬೇಕೆನಿಸಿತು. ಇದು ಕಲೆಯೋ, ಬರೀ ಹಟವೋ? ಅಷ್ಟರಲ್ಲಿ ಕಲ್ಲು ಹಿಡಿದ ಶಿವನಪ್ಪನ ಕೈ ಮೇಲೆದ್ದಿತು. ಕಲ್ಲು ಹಣೆಗೆ ಬಡಿಯಿತು. ರಕ್ತ ಕಣ್ಣಿಗಿಳಿದರೂ ಅವಳು ಏಳಲಿಲ್ಲ.

ಮೆಣಸಿನಕಾಯಿ ಮಾರುವ ಬಾಳವ್ವ ಬುಟ್ಟಿ ಬಿಟ್ಟು ಬಂದು ಅವಳಿಗೆ ಅಡ್ಡವಾಗಿ ಕೂತಳು. "ಇನ್ನೊಂದ ಒಗೀರಿ, ನೋಡೂಣು!"

ಯಾರೂ ಒಗೆಯಲಿಲ್ಲ.

ಮುಂಬಯಿಯಲ್ಲಿ ತೊಳೆಸಿದ ರೀಲು ಮಳೆಗಾಲಕ್ಕೆ ಬಂತು. ಅದನ್ನು ಅದೇ ಊರಿನ ಟೆಂಟಿನಲ್ಲಿ ತೋರಿಸುವ ಸಂಜೆ ಶಿವನಪ್ಪ ಹಿಂಬದಿಯಿಂದ ಒಳಗೆ ಬಂದ.

"ಬಾಯಾರ, ನನ್ನ ಮಾರಿ ಬಂದೈತೇನ್ರಿ?"

"ಬಂದದ."

"ಮಗಳ ಲಗ್ನ ಐತ್ರಿ. ಬೀಗರು ಬಂದು ಕುಂತಾರ. ಅದೊಂದಿಷ್ಟು ಕತ್ತರಿಸಿ ಒಗೀರಿ."

ಶಾರದೆಯ ಕೈಯಲ್ಲಿ ರೀಲು ಜೋಡಿಸುವ ಕತ್ತರಿ ಇತ್ತು. ಅವಳು ಅದನ್ನು ಕೆಳಗಿಟ್ಟಳು. "ಕತ್ತರಿಸಿದರ ಇದು ಸುಳ್ಳಾಗ್ತದ್ರಿ. ನೀವೂ ಬಂದು ಕೂಡ್ರಿ."

ಪರದೆಯ ಮೇಲೆ ಆ ಕೈ ಮೇಲೆದ್ದಿತು. "ಅಂವಾ ಶಿವನಪ್ಪ ಅಲ್ಲನು?" ಎಂದು ಯಾರೋ ಪಿಸುಗುಟ್ಟಿದರು. ಬೀಗರ ತಲೆಗಳು ಹೊರಳಿದವು. ಶಿವನಪ್ಪ ಎದ್ದು ನಿಂತ. ಅವನ ನೆರಳು ಪರದೆಯನ್ನೆಲ್ಲ ಮುಚ್ಚಿತು. ರೀಲು ಹರಿದು ಹಾಕುತ್ತಾನೆಂದು ಜಂಗ್ಲಿಸಾಬ ಯಂತ್ರವನ್ನು ತಬ್ಬಿ ಹಿಡಿದ.

"ಹೌದು, ನಾನ ಒಗದೆ," ಎಂದ ಶಿವನಪ್ಪ. "ಅಕಿ ಸುಮ್ಮನ ಕುಂತದ್ದು ನೋಡಿ ನನಗ ಅಂಜಿಕಿ ಬಂತು." ಅಷ್ಟು ಹೇಳಿ ಹೊರಗೆ ನಡೆದ.

ಲಗ್ನ ಮುರಿಯಲಿಲ್ಲ, ತಡವಾಯಿತು. ಅದರ ಭಾರ ಶಾರದೆಯ ಎದೆಯಲ್ಲಿ ಕೂತಿತು.

ಚಳಿಗಾಲದಲ್ಲಿ ಆ ಚಿತ್ರ ಮುಂಬಯಿಯಲ್ಲಿ ಪ್ರದರ್ಶನಗೊಂಡಿತು. ಈ ಸಲ ಪತ್ರಿಕೆಗಳು ಹೊಗಳಿದವು. ಪತ್ರಕರ್ತನೊಬ್ಬ ನಗುತ್ತ ಕೇಳಿದ: "ಆ ಕಲ್ಲು ಎಸೆದವನಿಗೆ ಮೊದಲೇ ತಾಲೀಮು ಕೊಟ್ಟಿದ್ದಿರಾ?"

ತನಗೆ ಕಲ್ಲು ಬಿದ್ದಾಗಲೂ ಬಾರದ ಸಿಟ್ಟು ಶಾರದೆಗೆ ಆಗ ಬಂತು.

"ಇಲ್ಲ," ಎಂದಳು. "ಅವನು ನಿಜವಾಗಿ ಹೆದರಿದ್ದ. ನಾನೂ ಹೆದರಿದ್ದೆ."