ಏರಿಗೆ ಸಾರಣೆ

ಬೋಗುಣಿಯಲ್ಲಿ ಸಗಣಿ ಕದಡಿ, ಮೇಲೆ ಎರಡು ಹಿಡಿ ಬತ್ತದ ಹೊಟ್ಟು ಉದುರಿಸಿ, ಚನ್ನಾಜಮ್ಮ ಬಲಗೈ ಮುಳುಗಿಸಿದಳು. ಮುಳುಗಿಸಿದ ಕೈಯನ್ನು ಮೇಲಕ್ಕೆ ಎತ್ತಲಿಲ್ಲ. ಎದುರಿಗೆ ಅವಳ ವಾರಗಿತ್ತಿ ಶಂಕರಮ್ಮನ ಗುಡ್ಡೆಯಿತ್ತು. ಮಣ್ಣು ಮಾಡಿ ಮೂರು ದಿನವಾಗಿತ್ತು. ಮುಳ್ಳೂರಿನ ಕೆರೆ ಏರಿಯ ಕೆಳಗೆ, ಅವರದೇ ಗದ್ದೆಯ ಬದುವಿನ ಪಕ್ಕದಲ್ಲಿ, ಕೆಮ್ಮಣ್ಣು ಇನ್ನೂ ಹುಡಿಹುಡಿಯಾಗಿಯೇ ಬಿದ್ದಿತ್ತು. ಹಾಲುತುಪ್ಪದ ಶಾಸ್ತ್ರಕ್ಕೆ ಬಂದ ನೆಂಟರು ಹೊಂಗೆಮರದ ನೆರಳಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕಾಯುತ್ತಿದ್ದರು.

"ದೊಡ್ಡವ್ವ, ಮೋಡ ಕಟ್ತಾ ಅದೆ. ಬಿರ್ರನೆ ಸಾರ್ಸ್ಬುಡು," ಎಂದ ಶಂಕರಮ್ಮನ ಮಗ ಜಡೇಸ್ವಾಮಿ. ಅತ್ತು ಅತ್ತು ಅವನ ದನಿ ಒಡೆದಿತ್ತು. "ನುಣ್ಣಗೆ ಮಾಡವ್ವ, ಕನ್ನಡಿ ಇದ್ದಂಗೆ. ನೋಡ್ದೋರು ಇದು ಚನ್ನಾಜಮ್ಮನ ಕೈ ಅನ್ಬೇಕು."

ಅವನು ಪ್ರೀತಿಯಿಂದಲೇ ಹೇಳಿದ. ಚನ್ನಾಜಮ್ಮನಿಗೆ ಮಾತ್ರ ಆ ಹೊಗಳಿಕೆ ಬೇಡವಾಗಿತ್ತು. ತಲೆ ಎತ್ತಿ ಏರಿಯ ಕಡೆ ನೋಡಿದಳು. ಆ ತುದಿಯಿಂದ ಈ ತುದಿಯವರೆಗೆ ಇಪ್ಪತ್ತು ವರ್ಷದ ಹುಲ್ಲು ದಟ್ಟವಾಗಿ ಹೆಣೆದುಕೊಂಡು ಮಣ್ಣೇ ಕಾಣುತ್ತಿರಲಿಲ್ಲ. ದನ ಮೇಯಿಸುವ ಇವತ್ತಿನ ಹುಡುಗರನ್ನು ಕೇಳಿದರೆ ಅದು ತಾನಾಗಿ ಹುಟ್ಟಿದ ಹುಲ್ಲು ಎಂದಾರು. ತಾನಾಗಿ ಹುಟ್ಟಿದ್ದಲ್ಲ ಎಂದು ಗೊತ್ತಿದ್ದವರಲ್ಲಿ ಒಬ್ಬಳು ಈಗ ಮಣ್ಣಿನೊಳಗಿದ್ದಳು.

ಆ ಕಾಲದಲ್ಲಿ ಸುತ್ತ ಮೂರೂರಿನಲ್ಲಿ ಸಾರಣೆ ಎಂದರೆ ಚನ್ನಾಜಮ್ಮ. ಮದುವೆಯ ಚಪ್ಪರ ಏಳುವ ಮೊದಲು ಅವಳಿಗೆ ಕರೆ ಹೋಗುತ್ತಿತ್ತು. ಕಲಿಸಿದವಳು ಅತ್ತೆ ಪುಟ್ಟಬಸಮ್ಮ. "ನೆಲದ ಮ್ಯಾಲೆ ನಿನ್ ಕೈ ಕಾಣ್ಬಾರ್ದು ಕಣವ್ವ, ನೆಲ ಕಾಣ್ಬೇಕು" ಎನ್ನುತ್ತಿದ್ದಳು ಅತ್ತೆ. ಒಂದು ಬೆರಳಿನ ಗೀರು ಉಳಿದರೂ ಮತ್ತೆ ಮೊದಲಿನಿಂದ ಸಾರಿಸಬೇಕು. ಒಂದು ವರ್ಷ ಬೈಸಿಕೊಂಡು, ಎರಡನೆಯ ವರ್ಷಕ್ಕೆ ಚನ್ನಾಜಮ್ಮ ಅತ್ತೆಯನ್ನೇ ಮೀರಿಸಿದಳು.

ಆ ಮನೆಗೆ ಕಿರಿ ಸೊಸೆಯಾಗಿ ಹೊನ್ನೂರಿನಿಂದ ಬಂದವಳು ಶಂಕರಮ್ಮ. ಬಾಯಿ ತುಂಬ ನಗು, ಕೈ ಮಾತ್ರ ಒರಟು. ಅವಳು ಸಾರಿಸಿದ ಅಂಗಳ ಉತ್ತ ಹೊಲದ ಹಾಗೆ ಸಾಲುಸಾಲು ಗೀರಾಗಿ ನಿಲ್ಲುತ್ತಿತ್ತು. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವಳು ಬೆಳಿಗ್ಗೆಯೇ ಎದ್ದು, ಯಾರ ಅಪ್ಪಣೆಗೂ ಕಾಯದೆ, ಆಸೆಯಿಂದ ಅಂಗಳ ಸಾರಿಸಿದ್ದಳು. ಬಂದವರು ಜಗುಲಿಯ ಮೇಲೆ ಕೂತು ನೀರು ಕುಡಿಯುತ್ತಿರುವಾಗಲೇ ಚನ್ನಾಜಮ್ಮ ಸೆರಗು ಸಿಕ್ಕಿಸಿ, ಬೋಗುಣಿ ತಂದು, ಅದೇ ಅಂಗಳವನ್ನು ಅವರೆದುರಿಗೇ ಇನ್ನೊಮ್ಮೆ ಸಾರಿಸಿಬಿಟ್ಟಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಪರವಾಗಿರಲಿಲ್ಲವೇನೋ. ಬಾಗಿಲಲ್ಲಿ ನಿಂತಿದ್ದ ಶಂಕರಮ್ಮನ ಮುಖದ ನಗು ಹೋಯಿತು. ಆರು ತಿಂಗಳಲ್ಲಿ ಒಲೆ ಬೇರೆಯಾಯಿತು, ಅಂಗಳದ ನಡುವೆ ಗೋಡೆ ಬಂತು, ಏರಿಯ ಕೆಳಗಿನ ಗದ್ದೆಗೂ ಒಂದು ಬದು ಬಿತ್ತು. ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟ ಎರಡನೆಯ ವರ್ಷದ ಹಿಂಗಾರಿಗೆ ಕೆರೆ ಏರಿ ಒಡೆಯಿತು. ಗದ್ದೆಯ ಮೇಲೆ ಮೊಳಕಾಲುದ್ದ ಮರಳು ಕೂತಿತು. ಬೇಸಿಗೆಯೆಲ್ಲ ಇಬ್ಬರೂ ತಮ್ಮ ತಮ್ಮ ಪಾಲಿನ ಮರಳನ್ನು ಮಂಕರಿಯಲ್ಲಿ ಹೊತ್ತು ಹಾಕಿದರು. ಬದುವಿನ ಆಚೆ ಅವಳು, ಈಚೆ ಇವಳು. ನೆತ್ತಿಯ ಕೂದಲು ಸವೆದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಗದ್ದೆ ಬಿಟ್ಟರೆ ಎರಡು ಮನೆಗೂ ಬೇರೆ ತರಿ ಭೂಮಿ ಇರಲಿಲ್ಲ. ಏರಿ ಇನ್ನೊಂದು ಸಲ ಜಾರಿದರೆ ಆ ಮರಳನ್ನು ಮತ್ತೆ ಹೊರುವ ಶಕ್ತಿ ತನ್ನ ಕತ್ತಿಗಿಲ್ಲ ಎಂದು ಚನ್ನಾಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಏರಿ ಕಟ್ಟಿಸಲು ಬಂದವನು ಓವರ್‌ಸಿಯರ್ ಗುರುಪಾದಸ್ವಾಮಿ. ಹಿಂದೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿ ಎರಡು ವರ್ಷವಾಗಿತ್ತು. ಕೆರೆಯ ಕಡತ ಇನ್ನೂ ಕೊಯಮತ್ತೂರಿನಿಂದ ಬರುತ್ತಲೇ ಇತ್ತು. ಸಣಕಲು ಹುಡುಗ, ಖಾಕಿ ಚಡ್ಡಿ, ಕ್ಯಾರಿಯರ್ ಇಲ್ಲದ ಸೈಕಲ್ಲು. ಶ್ರಾವಣಕ್ಕೆ ಏರಿಯ ಮಣ್ಣಿನ ಕೆಲಸ ಮುಗಿಯಿತು. ಆದರೆ ಹೊಸ ಮಣ್ಣು, ಮೈಮೇಲೆ ಒಂದು ಎಸಳು ಹುಲ್ಲಿಲ್ಲ. ಹಸ್ತ ಮಳೆ ಹಿಡಿದರೆ ಕೊಚ್ಚಿಕೊಂಡು ಹೋಗುವುದೇ. ಅವನು ಯಾವುದೋ ಪುಸ್ತಕದಲ್ಲಿ ಚಿತ್ರ ನೋಡಿದ್ದನಂತೆ. ಹುಲ್ಲಿನ ಬೀಜ, ಹೊಟ್ಟು, ಅಂಟು, ನೀರು ಎಲ್ಲ ಕಲಸಿ ಪಂಪಿನಿಂದ ಇಳಿಜಾರಿಗೆ ಎರಚಿದರೆ ಅದು ಮಣ್ಣಿಗೆ ಅಂಟಿಕೊಂಡು, ಮಳೆಯ ಪೆಟ್ಟು ತಡೆದು, ಒಳಗಿನ ಬೀಜವನ್ನು ಮೊಳೆಸುತ್ತದೆ. ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರ ದೊಡ್ಡಮಾದ ಎರಡು ಮೂಟೆ ಹುಲ್ಲಿನ ಬೀಜವನ್ನೂ ಒಂದು ಗಡಿಗೆ ಮರದ ಅಂಟನ್ನೂ ತಂದುಕೊಟ್ಟ. ಊರವರು ಸಗಣಿ ಕೊಟ್ಟರು, ಕೊಚ್ಚಿದ ಹುಲ್ಲು ಕೊಟ್ಟರು, ಗರಿಕೆ ಬೇರು ಕಿತ್ತು ತುಂಡು ಮಾಡಿ ಕೊಟ್ಟರು.

ಆಯಿಲ್ ಎಂಜಿನ್ನು ಬಂದ ದಿನ ಊರಿಗೆ ಊರೇ ಏರಿಯ ಕೆಳಗೆ ನೆರೆಯಿತು. ಎಂಜಿನ್ನು ಕೆಮ್ಮಿತು, ನಡುಗಿತು, ಪೈಪಿನ ಬಾಯಿಂದ ಹಸಿರು ಬಗ್ಗಡ ಭರ್ರನೆ ಹಾರಿತು. ಜನ ಹೋ ಎಂದರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟು ಸಿಕ್ಕಿಕೊಂಡಿತು, ಬಿಡಿಸಿದರು; ಮತ್ತೆ ಸಿಕ್ಕಿತು, ಮತ್ತೆ ಬಿಡಿಸಿದರು. ಮಾರನೆಯ ದಿನ ಪೈಪು ಓವರ್‌ಸಿಯರನ ಕೈಯಲ್ಲೇ ಸೀಳಿ, ಬೀಜ ಸಮೇತ ಬಗ್ಗಡವೆಲ್ಲ ಅವನ ಮೈಗೇ ಬಿತ್ತು.

"ಸಾ, ಇನ್ನೊಂದ್ ವಾರಕ್ಕೆ ನಿಮ್ ಮೈಮ್ಯಾಲೇ ಬೆಳೆ," ಎಂದರು ಯಾರೋ. ಪಾಪ, ಅವನೂ ನಕ್ಕ. ಎಂಜಿನ್ನು ಗಾಡಿ ಹತ್ತಿ ವಾಪಸು ಹೋಯಿತು.

ಉಳಿದದ್ದು ಕೈ. ಹನ್ನೆರಡು ಹೆಂಗಸರು ಕೆಲಸಕ್ಕೆ ಬಂದರು. ಏರಿಯನ್ನು ಮಾರು ಲೆಕ್ಕದಲ್ಲಿ ಪಾಲು ಮಾಡಿದರು. ಚನ್ನಾಜಮ್ಮನೇ ಮುಂದಾಳು. ಶಂಕರಮ್ಮ ತಾನಾಗಿ ಕಟ್ಟಕಡೆಯ ತುದಿಗೆ ಹೋಗಿ ನಿಂತಳು. ಗುರುಪಾದಸ್ವಾಮಿ ಒಂದು ಹಿಡಿ ಎರಚಿ ತೋರಿಸಿದ. "ಹೀಗೆ ಎರಚಿ ಬಿಟ್ಟುಬಿಡಿ. ಆಮೇಲೆ ಮುಟ್ಟಬೇಡಿ," ಎಂದು ಹೇಳಿ, ಕೊಳ್ಳೇಗಾಲದ ಕಚೇರಿಯಿಂದ ಕರೆ ಬಂದಿದ್ದರಿಂದ ಸೈಕಲ್ಲು ಹತ್ತಿದ.

ಎರಚಿದ ಬಗ್ಗಡ ಗಂಟುಗಂಟಾಗಿ, ಎಮ್ಮೆ ನಡೆದ ದಾರಿಯ ಹಾಗೆ ಕಾಣುತ್ತಿತ್ತು. ಚನ್ನಾಜಮ್ಮನ ಕೈ ತುರಿಸಿತು. ಮೊದಲು ಒಂದು ಗಂಟನ್ನು ಸುಮ್ಮನೆ ಸವರಿದಳು. ಆಮೇಲೆ ಪಕ್ಕದ್ದು. ದೊಡ್ಡ ಸಾಹೇಬರು ನೋಡಲು ಬರುತ್ತಾರೆ ಎಂಬ ಸುದ್ದಿ ಬೇರೆ ಇತ್ತು.

"ನಾಕ್ ಜನ ಬಂದು ಇದ್ಯಾವ್ ಹೆಂಗುಸ್ರ ಕೆಲ್ಸ ಅಂದ್ರೆ ಮಕ ಎಲ್ಲಿ ಮಡಿಕಳಾದು?" ಎಂದಳು. "ಎಲ್ಲಾ ಸಾರ್ಸ್ಬುಡ್ರವ್ವ."

ಹನ್ನೆರಡು ಜನವೂ ಸಾರಿಸಿದರು. ಎಂಜಿನ್ನು ಉಗುಳಿದ್ದ ಜಾಗವನ್ನೂ ಬಿಡಲಿಲ್ಲ. ನಾಲ್ಕು ದಿನದಲ್ಲಿ ಏರಿ ಮದುವೆಮನೆಯ ಅಂಗಳವಾಗಿ ಬಿಸಿಲಿಗೆ ಫಳಫಳ ಹೊಳೆಯಿತು. ತುದಿಯಲ್ಲಿ ಶಂಕರಮ್ಮನ ಪಾಲು ಮಾತ್ರ ಎಂದಿನಂತೆ ಗೀರುಗೀರು. ಚನ್ನಾಜಮ್ಮ ದೂರದಿಂದಲೇ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಕೆಲವ್ರ ಕೈಗೆ ಸಿವನೂ ಬುದ್ಧಿ ಕೊಡಾಕಿಲ್ಲ" ಎಂದಳು.

ಗುರುಪಾದಸ್ವಾಮಿ ಬಂದವನು ಸೈಕಲ್ಲಿನಿಂದ ಇಳಿಯದೆ ನಿಂತ. "ಇದೇನು ಚನ್ನಾಜಮ್ಮ, ಅಡುಗೆಮನೆ ಮಾಡಿಬಿಟ್ಟಿದ್ದೀರಿ!"

ಚನ್ನಾಜಮ್ಮ ಅದನ್ನು ಹೊಗಳಿಕೆ ಎಂದೇ ತಿಳಿದು ಸೆರಗು ಸರಿಮಾಡಿಕೊಂಡಳು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಏರಿಯ ಕಲ್ಲಿನ ಮೇಲೆ ಕೂತಾಗಲೇ ಏನೋ ಎಡವಟ್ಟಾಗಿದೆ ಎಂದು ಹೊಳೆದದ್ದು. ಒರಟಾಗಿದ್ದರೆ ನೀರು ನಿಲ್ಲುತ್ತದೆ, ಬೀಜಕ್ಕೆ ಹಿಡಿತ ಸಿಗುತ್ತದೆ. ನುಣುಪಾದರೆ ನೀರು ಜಾರಿ ಹೋಗುತ್ತದೆ, ಬೀಜ ಗಟ್ಟಿ ಪದರದ ಕೆಳಗೆ ಸಾಯುತ್ತದೆ ಎಂದು ಅವನು ಬಿಡಿಸಿ ಹೇಳಿದ.

"ಕಾದು ನೋಡಣ ಸಾ," ಎಂದಳು ಚನ್ನಾಜಮ್ಮ. ಅವಳಿಗೆ ನಂಬಿಕೆ ಬರಲಿಲ್ಲ. ತನ್ನ ಕೈ ತಪ್ಪು ಮಾಡುತ್ತದೆ ಎಂದು ಆವರೆಗೆ ಯಾರೂ ಹೇಳಿರಲಿಲ್ಲ.

ದಿನವೂ ಕೊಡದಲ್ಲಿ ನೀರು ತಂದು ಚಿಮುಕಿಸಿದರು. ಒಂಬತ್ತು ದಿನವಾದರೂ ಏರಿ ಹಂಚಿನ ಹಾಗೆ ಬರಿದಾಗಿಯೇ ಇತ್ತು. ಹತ್ತನೆಯ ದಿನ ಒಂದು ಹದವಾದ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಚನ್ನಾಜಮ್ಮನ ಪಾಲಿನ ಪದರ ಅಲ್ಲಲ್ಲಿ ಬಿರಿದು, ಒಳಗಿನ ಮಣ್ಣು ಬೆರಳಗಲದ ಕಾಲುವೆಗಳಲ್ಲಿ ಇಳಿದು, ಅವಳ ಗದ್ದೆಯ ಪೈರಿನ ಬುಡಕ್ಕೆ ಬಂದು ಕೂತಿತ್ತು. ಸುಮ್ಮನೆ ಏರಿಯುದ್ದಕ್ಕೂ ನಡೆದಳು. ಕಟ್ಟಕಡೆಯ ತುದಿಯಲ್ಲಿ ನಿಂತಳು. ಅಲ್ಲಿ ಶಂಕರಮ್ಮನ ಒಂದೊಂದು ಬೆರಳಿನ ಗೀರಿನಲ್ಲೂ ಸೂಜಿಮೊನೆಯಂಥ ಹಸಿರು ಎದ್ದಿತ್ತು. ಕೈ ಬೀಸಿದ ಬಾಗೂ ಹಾಗೆಯೇ, ಅರ್ಧ ಬಳೆಯ ಆಕಾರದಲ್ಲಿ, ಸಾಲುಸಾಲಾಗಿ.

ಶಂಕರಮ್ಮ ಅಲ್ಲೇ ಕೊಡ ಬಗ್ಗಿಸಿ ನೀರು ಚಿಮುಕಿಸುತ್ತಿದ್ದಳು.

"ಶಂಕ್ರಿ," ಎಂದಳು ಚನ್ನಾಜಮ್ಮ.

ಮೂರು ವರ್ಷದಿಂದ ಕೇಳದ ಕೂಗು. ಶಂಕರಮ್ಮ ಬೇರೆ ಯಾರನ್ನೋ ಕರೆದರೇನೋ ಎಂದು ಹಿಂತಿರುಗಿ ನೋಡಿದಳು.

"ನೀ ಸಾರ್ಸಾದ ವಸಿ ನಂಗೆ ತೋರ್ಸವ್ವ."

"ಆಡ್ಕಳಕ್ಕೆ ಬಂದ್ಯ ಅಕ್ಕ?"

"ಇಲ್ಲ ಕಣವ್ವ, ಮಾದಪ್ಪನಾಣೆ. ನಿನ್ ಗೀರಲ್ಲಿ ಹುಲ್ಲು ಬಂದದೆ. ನಂದ್ರಲ್ಲಿ ಒಂದ್ ಎಸಳಿಲ್ಲ. ಹಸ್ತ ಬಂದ್ರೆ ಇಬ್ರ ಗದ್ದೆನೂ ಓಯ್ತದೆ."

ಶಂಕರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಆ ಹಳೆಯ, ಬಾಯಿ ತುಂಬ ನಗು ನಕ್ಕಳು. "ಅದ್ನೇನ ತೋರ್ಸಾದಕ್ಕ? ನಂಗೆ ಸಾರ್ಸಕ್ಕೆ ಬರಾಕಿಲ್ಲ, ಅಷ್ಟೇಯ!"

ಆದರೂ ತೋರಿಸಿದಳು. ಚನ್ನಾಜಮ್ಮನ ಮಣಿಕಟ್ಟು ಹಿಡಿದು, "ಬೆರಳು ಬುಡ್ಸು. ಅಂಗೈ ಮ್ಯಾಕೆತ್ತು. ಅತ್ತೆ ನೋಡುದ್ರೆ ಬೈತಾಳೆ ಅನ್ನುಸ್ಬೇಕು, ಆಗ ಸರಿಯಾಯ್ತು ಅನ್ಕ" ಎಂದಳು. ಚನ್ನಾಜಮ್ಮ ಎಷ್ಟು ಪ್ರಯತ್ನಪಟ್ಟರೂ ಅಂಗೈ ತಾನಾಗಿ ಕೆಳಗಿಳಿದು ನುಣುಪು ಮಾಡಿಬಿಡುತ್ತಿತ್ತು. ಪ್ರತಿ ಸಲವೂ ಶಂಕರಮ್ಮ ಆ ಕೈಗೆ ಪಟ್ ಎಂದು ಹೊಡೆಯುತ್ತಿದ್ದಳು. ಮೇಲೆ ನಿಂತಿದ್ದ ಓವರ್‌ಸಿಯರ್ ನಗು ತಡೆಯಲಾರದೆ ಬೇರೆ ಕಡೆ ತಿರುಗಿಕೊಂಡ.

ಐದು ದಿನ ಹನ್ನೆರಡು ಹೆಂಗಸರು ತಾವೇ ಮಾಡಿದ ಸಾರಣೆಯನ್ನು ಬೆರಳಿನಿಂದ ಕೆರೆದರು, ಉಳಿದ ಬೀಜ ಕಲಸಿ ಮತ್ತೆ ಎರಚಿದರು. ಚನ್ನಾಜಮ್ಮನ ಉಗುರುಗಳು ಸವೆದು ರಕ್ತ ಬಂತು. ಈ ಸಲ ಯಾರೂ ಅಂಗೈ ತಾಗಿಸಲಿಲ್ಲ. ಹಸ್ತ ಹಿಡಿಯುವ ಹೊತ್ತಿಗೆ ಏರಿ ನಾಲ್ಕು ಬೆರಳು ಹಸಿರಾಗಿತ್ತು. ಮೂರು ದಿನ ಬಿಡದೆ ಸುರಿಯಿತು. ವಾರಗಿತ್ತಿಯರಿಬ್ಬರೂ ಮಳೆಗೆ ಹೊದೆಯುವ ಒಂದೇ ಗೊರಗದೊಳಗೆ ಮೈಗೆ ಮೈ ತಾಗಿಸಿ ಕೂತು ಏರಿಯನ್ನೇ ನೋಡಿದರು. ನೀರು ಹುಲ್ಲಿನ ಮೇಲೆ ಹರಿದು ತಿಳಿಯಾಗಿ ಗದ್ದೆಗೆ ಇಳಿಯಿತು.

ಎಂಥ ದಿನಗಳು ಅವು! ಗೋಡೆ ಬೀಳಲಿಲ್ಲ, ಒಲೆ ಒಂದಾಗಲಿಲ್ಲ, ಆದರೆ ಆಮೇಲಿನ ಇಪ್ಪತ್ತು ವರ್ಷವೂ ಹಬ್ಬ ಬಂತೆಂದರೆ ಗೋಡೆಯಾಚೆಯಿಂದ ಶಂಕರಮ್ಮ ಕೂಗುತ್ತಿದ್ದಳು: "ಅಕ್ಕೋ, ಅಂಗಳ ಸಾರ್ಸಿವ್ನಿ, ಬಂದು ಬೈದೋಗು!" ಚನ್ನಾಜಮ್ಮ ಹೋಗುತ್ತಿದ್ದಳು, ಬೈಯುತ್ತಿದ್ದಳು, ಕಾಫಿ ಕುಡಿದು ಬರುತ್ತಿದ್ದಳು. ಗಂಡಿನವರ ಎದುರು ಆ ಅಂಗಳವನ್ನು ಎರಡನೆಯ ಸಲ ಸಾರಿಸಿದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ತಪ್ಪಾಯಿತು ಕಣವ್ವ ಎಂದು ಒಂದು ಸಲ ಹೇಳಬೇಕು ಎಂದು ಚನ್ನಾಜಮ್ಮ ಎಷ್ಟೋ ಬಾರಿ ಅಂದುಕೊಂಡಿದ್ದಳು. ಹೋದ ವಾರವೂ ಅಂದುಕೊಂಡಿದ್ದಳು. ಅಷ್ಟರಲ್ಲಿ ಶಂಕರಮ್ಮನಿಗೆ ಜ್ವರ ಬಂತು, ಮೂರನೆಯ ದಿನಕ್ಕೆ ಎಲ್ಲ ಮುಗಿದುಹೋಯಿತು.

"ದೊಡ್ಡವ್ವ," ಎಂದ ಜಡೇಸ್ವಾಮಿ ಮತ್ತೆ.

ಚನ್ನಾಜಮ್ಮ ಬೋಗುಣಿಯಿಂದ ಕೈ ತೆಗೆದು ಎದ್ದಳು. ಮಂಡಿ ಹಿಡಿದುಕೊಂಡು ಏರಿ ಹತ್ತಿ, ಕಟ್ಟಕಡೆಯ ತುದಿಗೆ ಹೋಗಿ, ಎರಡು ಹಿಡಿ ಗರಿಕೆಯನ್ನು ಬೇರು ಸಮೇತ ಕಿತ್ತು ತಂದಳು. ಅದನ್ನು ತುಂಡು ಮಾಡಿ ಸಗಣಿಯಲ್ಲಿ ಕಲಸಿದಳು. ಹಿಡಿಹಿಡಿಯಾಗಿ ಎತ್ತಿ ಗುಡ್ಡೆಯ ಮೇಲೆ ಎರಚತೊಡಗಿದಳು. ನೆಂಟರು ಮುಖ ಮುಖ ನೋಡಿಕೊಂಡರು.

"ಇದೇನ ದೊಡ್ಡವ್ವ, ಇಂಗೆ ಗಂಟುಗಂಟು? ವಸಿ ಕೈಯಾಡ್ಸು," ಎಂದು ಜಡೇಸ್ವಾಮಿ ತಾನೇ ಸವರಲು ಬಗ್ಗಿದ.

"ಮುಟ್ಬ್ಯಾಡ ಕಣ್ಲಾ!" ಅವಳ ದನಿಗೆ ಅವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಅವಳು ಮೆತ್ತಗೆ ಹೇಳಿದಳು, "ನಿಮ್ಮವ್ವ ಸಾರ್ಸಿದ್ರ ಮ್ಯಾಲೆ ನಾನು ಒಂದ್ಸಲ ಸಾರ್ಸಿದ್ದೆ ಕಪ್ಪ. ಅದೇ ಸಾಕು."

ಅವನಿಗೆ ಅರ್ಥವಾಗಲಿಲ್ಲ. ಚನ್ನಾಜಮ್ಮ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳು ಬಿಡಿಸಿದಳು. ಅಂಗೈ ಮೇಲಕ್ಕೆತ್ತಿ ಹಿಡಿದಳು. ತಲೆಯ ಕಡೆಯಿಂದ ಕಾಲಿನ ಕಡೆಗೆ ಒಂದೇ ಸಲ ಎಳೆದಳು. ಸೊಟ್ಟಸೊಟ್ಟನೆಯ ನಾಲ್ಕು ಗೀರು ಮೂಡಿತು. ಅಷ್ಟರಲ್ಲಿ ನೆಂಟರು ಟವೆಲನ್ನು ತಲೆಗೆ ಹಾಕಿಕೊಂಡು ಎದ್ದರು. ಮೊದಲ ಹನಿ ಗುಡ್ಡೆಯ ಮೇಲೆ ಬಿದ್ದು, ಕೆಳಗೆ ಜಾರದೆ, ಗೀರಿನಲ್ಲಿ ನಿಂತಿತು.