ಗೇಟ್ ಇಡ್ಲಿ

ಮೊದಲ ತಟ್ಟೆಯ ಇಡ್ಲಿಗಳು ಬಟ್ಟೆ ಬಿಟ್ಟು ಮೇಲೇಳಲಿಲ್ಲ. ಶ್ರೀನಿವಾಸಯ್ಯ ತಟ್ಟೆಯನ್ನು ಮಗುಚಿ ಬಟ್ಟೆಯ ತುದಿ ಹಿಡಿದು ಎಳೆದದ್ದೇ ತಡ, ಅರ್ಧ ಇಡ್ಲಿ ಬಟ್ಟೆಯಲ್ಲೇ ಉಳಿದು ಇನ್ನರ್ಧ ಬೋಗುಣಿಗೆ ಬಿತ್ತು. ಎರಡನೆಯ ತಟ್ಟೆಯದೂ ಅದೇ ಕಥೆ. ಮೂರನೆಯದಕ್ಕೆ ಅವರು ಚಮಚ ತೆಗೆದುಕೊಂಡು ಕೆರೆಯತೊಡಗಿದರು. ಇನ್ನೂ ಬೆಳಿಗ್ಗೆ ಏಳೂವರೆ. ಆಗಲೇ ಅವರ ಹಣೆಯ ಗಂಧ ಬೆವರಲ್ಲಿ ಕರಗಿ ಮೂಗಿನ ತುದಿಗೆ ಇಳಿದಿತ್ತು.

“ಏನ್ ಸ್ವಾಮಿ ಇದು, ಉಪ್ಪಿಟ್ಟಾ?” ರವಿಕುಮಾರ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

“ನಾನು ಮದುವೆಮನೆ ಹುಳಿ, ಪಾಯಸದವನು ಕಣಪ್ಪಾ. ನಿಮ್ಮಲ್ಲಿ ಇಡ್ಲಿಗೂ ಬಟ್ಟೆ ಉಡಿಸ್ತೀರಿ ಅಂತ ಮೊದ್ಲೇ ಹೇಳ್ಬಾರ್ದಾ?”

ಹೇಮಶ್ರೀಗೆ ನಗು ಬರಬೇಕಿತ್ತು, ಬರಲಿಲ್ಲ. ಬಸವನಗುಡಿಯ ಆ ಖಾಲಿ ಮಳಿಗೆಯ ಅಡುಗೆಮನೆಯ ಗಾಜಿನ ಆಚೆ, ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಕಟ್ಟಡದ ಮಾಲೀಕರಾದ ಪರಮಶಿವಯ್ಯನವರೂ ಅವರ ಹೆಂಡತಿ ಶೈಲಜಮ್ಮನೂ ಕಾಯುತ್ತಿದ್ದರು. ಪೇಟೆಯಲ್ಲಿ ಮೂರು ತಲೆಮಾರಿನಿಂದ ಪಾತ್ರೆ ವ್ಯಾಪಾರ ಮಾಡಿದ ಮನೆ ಅವರದು. ಪಾತ್ರೆಯನ್ನು ಬೆರಳಿನಿಂದ ಬಡಿದು ನೋಡದೆ ಹೇಗೆ ಕೊಳ್ಳುವುದಿಲ್ಲವೋ, ಹಾಗೆಯೇ ತಿಂಡಿಯನ್ನು ತಿಂದು ನೋಡದೆ ಹೋಟೆಲಿಗೆ ಮಳಿಗೆ ಕೊಡುವುದಿಲ್ಲ ಎಂದಿದ್ದರು. ಅದರ ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿದ್ದರು, ಅಡುಗೆಯವರು ಯಾರು ಅಂತ. ಅವಳ ತಮ್ಮ ರವಿಕುಮಾರ್ ಕಣ್ಣು ಮಿಟುಕಿಸದೆ “ಭಟ್ರೇ ಸರ್” ಎಂದುಬಿಟ್ಟಿದ್ದ. ಹಾಗೆ ಎಂದಮೇಲೆ ಒಬ್ಬ ಭಟ್ಟರನ್ನು ತರಬೇಕಾಗಿ ಬಂತು.

ತಮ್ಮನೊಬ್ಬನದೇ ತಪ್ಪು ಎನ್ನಲು ಹೇಮಶ್ರೀಗೆ ಬಾಯಿಲ್ಲ. ಬಿನ್ನಿಪೇಟೆಯ ಮಿಲ್ಲಿನ ಗೇಟಿನ ಮುಂದೆ ಅಮ್ಮ ತಳ್ಳುಗಾಡಿಯಲ್ಲಿ ಮಾರುತ್ತಿದ್ದ ಇಡ್ಲಿಗೆ ಅವಳೇ ಗೇಟ್ ಇಡ್ಲಿ ಎಂದು ಹೆಸರಿಟ್ಟು, ಅವಳೇ ಬೋರ್ಡು ಬರೆಸಿ, ಒಂದೊಂದಾಗಿ ಆರು ಅಂಗಡಿ ಮಾಡಿದ್ದಳು. ಚಾಮರಾಜಪೇಟೆಯಲ್ಲಿ ಜನ ಸಾಲುಗಟ್ಟಿದರು. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಇಳಿದವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತು ತಿಂದರು. ಬಸವನಗುಡಿ ಮಾತ್ರ ಒಂಬತ್ತು ವರ್ಷದಿಂದ ಕೈಗೆ ಸಿಗಲಿಲ್ಲ. ನಾಲ್ಕು ಮಳಿಗೆಗಳು ಕೊನೆಯ ಮಾತಿನವರೆಗೂ ಬಂದು ತಪ್ಪಿಹೋದವು. ಒಬ್ಬರ ಅಳಿಯ ದುಬೈಯಿಂದ ಇದ್ದಕ್ಕಿದ್ದಂತೆ ವಾಪಸು ಬಂದ. ಇನ್ನೊಬ್ಬರಿಗೆ ವಾಸ್ತು ನೆನಪಾಯಿತು. ನಾಲ್ಕೂ ಕಡೆ ಮಾತು ಕೆಟ್ಟದ್ದು ಮಾಲೀಕರು ಅಮ್ಮನನ್ನು ನೋಡಿದ ಮೇಲೆಯೇ. ಹೀಗಾಗಿ ಈ ಸಲ ತಮ್ಮ ಉಪಾಯ ಹೇಳಿದಾಗ ಅವಳು, ಒಂದು ಬೆಳಿಗ್ಗೆ ತಾನೆ, ಎಂದುಕೊಂಡಳು. “ನೀನು ಕಾರಲ್ಲೇ ಕೂತಿರಮ್ಮ” ಎಂದಳು. ಯಾಕೆ ಎಂದು ಅಮ್ಮ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅಮ್ಮ ಕೇಳಲಿಲ್ಲ.

ರಸ್ತೆಯಾಚೆಯ ಕಾರಿನಿಂದ ಎಲ್ಲವೂ ಕಾಣುತ್ತಿತ್ತು. ಗಾಜಿನ ಅಡುಗೆಮನೆ ಇರುವುದೇ ಅದಕ್ಕೆ. ನಾಲ್ಕನೆಯ ತಟ್ಟೆಯ ಹೊತ್ತಿಗೆ ಅಮ್ಮ ಗಂಗರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಾಗಿತ್ತು.

“ಒಣಾ ಬಟ್ಟೆ ಹಾಸಿದೀರಲ್ಲ ಸ್ವಾಮೇರ. ಅಂಟ್ಕೊಳ್ದೆ ಇನ್ನೇನ್ ಮಾಡುತ್ತೆ?”

“ಅಮ್ಮಾ, ಹೊರಗೆ…” ಎಂದ ರವಿಕುಮಾರ್.

ಅವಳು ಕೇಳಿಸಿಕೊಳ್ಳಲಿಲ್ಲ. ಬಟ್ಟೆಗಳನ್ನು ತೊಳೆದು, ನೀರಲ್ಲಿ ಅದ್ದಿ, ಒಂದೇ ತಿರುಚಿಗೆ ಹಿಂಡಿ, ತಟ್ಟೆಯ ಗುಳಿಗಳ ಮೇಲೆ ಹಾಸಿದಳು. ಹಿಟ್ಟು ಹಾಕುವಾಗ ಸೌಟನ್ನು ಎಲ್ಲೂ ಕೊಡವಲಿಲ್ಲ. ಹಿಟ್ಟು ತಾನಾಗಿ ಜಾರಿ ಕೂತಿತು. ಶ್ರೀನಿವಾಸಯ್ಯ ಪಕ್ಕಕ್ಕೆ ಸರಿದು, ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದು ನಿಂತರು. ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿತು. ಆಮೇಲೆ ಅವಳು ತಟ್ಟೆ ಮಗುಚಿ, ಬಟ್ಟೆಯ ಬೆನ್ನಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಮಲಗಿದ ಮಗುವಿನ ಮೇಲಿನ ಹೊದಿಕೆ ತೆಗೆಯುವ ಹಾಗೆ ಬಟ್ಟೆ ಎತ್ತಿದಳು. ಹದಿನಾರು ಇಡ್ಲಿ. ಒಂದಕ್ಕೂ ಗಾಯವಿಲ್ಲ.

“ಅಬ್ಬಾ! ಕೈ ಅಂದ್ರೆ ಇದು ತಾಯೀ,” ಎಂದರು ಶ್ರೀನಿವಾಸಯ್ಯ. ಸ್ವಲ್ಪ ಜೋರಾಗಿಯೇ.

ಅವಳೇ ಎರಡು ತಟ್ಟೆ ಒಯ್ದು ಕೊಟ್ಟಳು. ಶೈಲಜಮ್ಮ ಎರಡು ಮುಗಿಸಿ ಇನ್ನೆರಡು ಕೇಳಿದರು. ಪರಮಶಿವಯ್ಯನವರು ಚಟ್ನಿಯ ಬೆರಳು ಚೀಪಿಕೊಂಡು ಗಾಜಿನ ಒಳಗೆ ನೋಡಿದರು, ಭಟ್ಟರನ್ನು ನೋಡಿದರು, ಮತ್ತೆ ಗಂಗರತ್ನಮ್ಮನನ್ನು ನೋಡಿದರು.

“ಇವ್ರು ಯಾರಪ್ಪಾ?”

“ಸಹಾಯಕ್ಕೆ ಬರೋರು ಸರ್. ಪಾತ್ರೆಗೆ,” ಎಂದ ರವಿಕುಮಾರ್.

ಗಂಗರತ್ನಮ್ಮ ಮಗನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಚಟ್ನಿ ಸೌಟನ್ನು ಒಂದು ಸಲ ನೋಡಿ ಇನ್ನೊಂದು ಕೈಗೆ ಬದಲಾಯಿಸಿದಳು, ಅಷ್ಟೆ. ಹೇಮಶ್ರೀ ಅದನ್ನು ನೋಡಿದಳು. ಈ ಮಾತನ್ನು ಆಡಿದವನು ತಮ್ಮನಾದರೂ ಇದಕ್ಕೆ ಜಾಗ ಮಾಡಿಕೊಟ್ಟವಳು ತಾನು.

“ನಮ್ಮಮ್ಮ ಸರ್,” ಎಂದಳು. “ಗೇಟ್ ಇಡ್ಲಿ ಇವರದೇ. ಭಟ್ರನ್ನ ಇವತ್ತೊಂದಿನಕ್ಕೆ ಕರ್ಕೊಂಡ್ ಬಂದಿದ್ವಿ. ಸುಳ್ಳು ಹೇಳಿದ್ವಿ.”

ಶೈಲಜಮ್ಮನ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು.

“ಮನೆ ಎಲ್ಲಮ್ಮಾ?” ಪರಮಶಿವಯ್ಯನವರು ಗಂಗರತ್ನಮ್ಮನನ್ನು ಕೇಳಿದರು.

“ಬಿನ್ನಿಪೇಟೆ. ಮಿಲ್ ಹಿಂದಿನ ಕಾಲೋನಿ.”

“ಮನೆದೇವ್ರು?”

“ಮುಂಚೆ ಮಾರಮ್ಮ. ನಮ್ ಯಜಮಾನ್ರು ಹೋದ್ಮೇಲೆ ಬುದ್ಧನ ಫೋಟೋ ಇಟ್ಕೊಂಡಿದೀವಿ.”

ಅವರು ನಿಧಾನವಾಗಿ ತಲೆಯಾಡಿಸಿದರು. “ಬಾಡಿಗೆ ಪತ್ರದಲ್ಲಿ ತಂದೆ ಹೆಸರು ಶಿವಲಿಂಗಯ್ಯ ಅಂತ ನೋಡಿ ನಮ್ಮೋರೇ ಅಂದ್ಕೊಂಡ್ಬಿಟ್ಟಿದ್ದೆ.”

“ಹೆಸ್ರು ಎಲ್ಲಾರ್ಗೂ ಪುಕ್ಸಟ್ಟೆ ಅಲ್ವಾ ಸ್ವಾಮಿ,” ಎಂದಳು ಗಂಗರತ್ನಮ್ಮ.

ಶೈಲಜಮ್ಮ ಫಕ್ಕನೆ ನಕ್ಕು, ಗಂಡನ ಮುಖ ನೋಡಿ ತಟ್ಟೆಗೆ ಬಗ್ಗಿದರು. ಉಳಿದ ಇಡ್ಲಿಯನ್ನು ಪೂರ್ತಿ ತಿಂದರು.

ಪರಮಶಿವಯ್ಯನವರು ಎದ್ದು ಕೈ ತೊಳೆದು ಬಂದರು. ಅವರ ದನಿ ಮೊದಲಿಗಿಂತ ಮೆತ್ತಗಾಗಿತ್ತು. “ನೋಡಮ್ಮ ಹೇಮಶ್ರೀ, ತಪ್ಪು ತಿಳ್ಕೋಬೇಡ. ನಮಗೇನೂ ಇಲ್ಲ, ತಿಂದ್ವಲ್ಲ ಈಗ? ಇಂಥಾ ಇಡ್ಲಿ ಈ ಬೀದೀಲಿ ಯಾರೂ ಕೊಡ್ತಿಲ್ಲ. ಆದ್ರೆ ಬೀದಿ ಎಂಥದ್ದು ಅಂತ ನಿಂಗೂ ಗೊತ್ತು. ಒಂದ್ ಕೆಲ್ಸ ಮಾಡು. ಅಮ್ಮ ಹಿಂದಿನ ರೂಮಲ್ಲಿ ಮಾಡ್ಲಿ. ಗಾಜಿನ ಹತ್ರ ಭಟ್ರು ನಿಂತ್ಕೊಳ್ಲಿ.”

“ನಂಗೆ ಇಡ್ಲಿ ಬರಲ್ಲ,” ಎಂದರು ಶ್ರೀನಿವಾಸಯ್ಯ.

“ಬರೋದೇನೂ ಬೇಡ. ನಿಂತ್ರೆ ಸಾಕು.” ಅವರು ಮತ್ತೆ ಹೇಮಶ್ರೀಯತ್ತ ತಿರುಗಿದರು. “ಸುಳ್ಳು ಹೇಳು ಅಂತಿಲ್ಲ ನಾನು. ಯಾರಾದ್ರೂ ಕೇಳಿದ್ರೆ ನಿಜಾನೇ ಹೇಳು. ಮುಂದೆ ಭಟ್ರು ನಿಂತಿದ್ರೆ ಯಾರೂ ಕೇಳೋದೇ ಇಲ್ಲ.”

ಜೇಬಿನಿಂದ ಶಟರಿನ ಬೀಗದ ಕೈಗಳನ್ನು ತೆಗೆದು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರು. “ಮೂರ್ ತಿಂಗ್ಳು ಬಾಡಿಗೇನೂ ಬೇಡ. ಸೋಮವಾರ ಹಾಲುಕ್ಕಿಸಿ ಶುರು ಮಾಡಿ.”

“ಅಕ್ಕಾ, ಹೂಂ ಅನ್ನು,” ರವಿಕುಮಾರ್ ಅವಳ ಕಿವಿಯ ಹತ್ತಿರ ಬಂದ. “ಒಂಬತ್ ವರ್ಷ ಕಣೇ. ಮೊದ್ಲು ಒಳಗೆ ಬಂದ್ಬಿಡೋಣ, ಆಮೇಲೆ ನೋಡ್ಕೊಳಣ.”

ಪಾರ್ಕಿನಲ್ಲಿ ನಡೆದು ಬರುತ್ತಿದ್ದ ಮೂವರು ಹಿರಿಯರು ಹಬೆಯ ವಾಸನೆಗೆ ಬಾಗಿಲಲ್ಲಿ ನಿಂತಿದ್ದರು. “ಶುರುವಾಯ್ತೇನಮ್ಮಾ? ಇಡ್ಲಿ ಇದ್ಯಾ?” ಎಂದು ಒಬ್ಬರು ಇಣುಕಿದರು. ಹೇಮಶ್ರೀ ಅವರ ಹಿಂದಿನ ಬೀದಿಯನ್ನು ಒಮ್ಮೆ ಉದ್ದಕ್ಕೂ ನೋಡಿದಳು. ಹೂವಿನವರು, ಹಣ್ಣಿನ ಬುಟ್ಟಿಗಳು, ಸ್ಕೂಲ್ ವ್ಯಾನುಗಳು. ಬೆಳಿಗ್ಗೆ ಆರಕ್ಕೆ ತೆರೆದರೆ ಹತ್ತರೊಳಗೆ ಐನೂರು ತಟ್ಟೆ ಖಾಲಿಯಾಗುವ ಜಾಗ. ಲೆಕ್ಕ ಅವಳಿಗೆ ಬಾಯಿಪಾಠ.

“ಅಮ್ಮ ಗಾಜಿನ ಮುಂದೆ ನಿಲ್ತಾರೆ ಸರ್,” ಎಂದಳು. “ಹಾಗಿದ್ರೆ ಕೊಡಿ.”

“ಅದು ಕಷ್ಟ ಅಂತಾನೇ ಅಲ್ವಾ ಇಷ್ಟೊತ್ತು ಹೇಳಿದ್ದು? ದುಡುಕ್ಬೇಡ. ಇನ್ನೊಂದು ಮಳಿಗೆ ಈ ಕಡೆ ನಿಂಗೆ ಸಿಗಲ್ಲ.”

“ಗೊತ್ತು.”

“ಮತ್ತೆ? ಕೀ ತಗೋ.”

“ಬೇಡ,” ಎಂದಳು ಹೇಮಶ್ರೀ.